ಬಾನೆಟ್ಟಿನ ಮೇಲೆ ಕಸ್ತೂರಿ

ಕಾರು ಇಂಡಿಗೆ ಬಂದದ್ದು ಸೋಮವಾರ ಮಧ್ಯಾಹ್ನ, ಮನೆಮಂದಿಯೆಲ್ಲ ಪಡಸಾಲೆಯಲ್ಲಿ ಲಿಂಬೆಹಣ್ಣು ಆರಿಸುತ್ತ ಕೂತಿದ್ದಾಗ. ಪುಣೆಯಿಂದ ತಾನೇ ಓಡಿಸಿಕೊಂಡು ಬಂದಿದ್ದ ಕಲ್ಮೇಶ ಅಂಗಳದ ಮುಂದೆ ನಿಲ್ಲಿಸಿ ಎರಡು ಸಲ ಹಾರ್ನ್ ಹೊಡೆದ. ಕೆಂಪು ಬಣ್ಣದ, ಎರಡೇ ಬಾಗಿಲಿನ ಸ್ಪೋರ್ಟ್ಸ್ ಕಾರು. ಗುಂಡಿ ಒತ್ತಿದರೆ ಮೇಲಿನ ಹೊದಿಕೆ ತಾನೇ ಮಡಚಿಕೊಂಡು ಹಿಂದೆ ಹೋಗಿ ಕೂರುತ್ತಿತ್ತು. ಯಾರೋ ಶ್ರೀಮಂತರು ಆರು ವರ್ಷ ಓಡಿಸಿ ಬಿಟ್ಟದ್ದಾದರೂ ಮೈಮೇಲೆ ಒಂದು ಗೀರಿಲ್ಲ. ಓಣಿಯ ಮಂದಿ ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಬಂದರು. ಕಸ್ತೂರೆವ್ವ ಕೈಯನ್ನು ಸೆರಗಿಗೆ ಒರೆಸಿಕೊಂಡು ಆರತಿ ತಂದಳು, ನಾಲ್ಕೂ ಗಾಲಿಯ ಮುಂದೆ ಒಂದೊಂದು ಲಿಂಬೆಹಣ್ಣು ಇಟ್ಟಳು. ಆ ಮನೆಯಲ್ಲಿ ಲಿಂಬೆಹಣ್ಣಿಗೇನೂ ಕೊರತೆಯಿರಲಿಲ್ಲ.

"ಆಯಿ, ಹೆಸರು ಸೈತ ತಯಾರೈತಿ," ಎಂದ ಕಲ್ಮೇಶ. ಇಪ್ಪತ್ನಾಲ್ಕರ ಮೊಮ್ಮಗ, ಮದುವೆ ಮೆರವಣಿಗೆಗೆ ಗಾಡಿ ಬಾಡಿಗೆ ಕೊಡುವ ಉದ್ಯೋಗಕ್ಕೆ ಕೈಹಾಕಿದ್ದ. "ಮುತ್ಯಾನ ಜೀಪಿನ ಹೆಸರಾ ಇದಕ್ಕ. ಕಸ್ತೂರಿ."

ಅಜ್ಜ ಬಸಂತರಾಯನ ಮುಖ ಅರಳಿತು. ಅವನ ಮಗ, ಕಲ್ಮೇಶನ ಅಪ್ಪ ಅನೀಲಕುಮಾರ ಹೌದೆಂದು ತಲೆಯಾಡಿಸಿದ.

"ಬ್ಯಾಡ," ಎಂದಳು ಕಸ್ತೂರೆವ್ವ.

ಎಲ್ಲರೂ ನಕ್ಕರು. ಅರವತ್ತೇಳರ ಮುದುಕಿ ತನ್ನ ಹೆಸರಿಗೆ ತಾನೇ ನಾಚಿಕೊಂಡಳು ಎಂದುಕೊಂಡರು. ಆರತಿ ತಟ್ಟೆಯನ್ನು ಒಳಗೆ ಒಯ್ಯುತ್ತಿದ್ದ ಕಸ್ತೂರೆವ್ವ ತಿರುಗಿ ನಿಂತು ಇನ್ನೊಂದು ಸಲ "ಬ್ಯಾಡ ಅಂದೆ" ಎಂದದ್ದು ಕಲ್ಮೇಶ ಮತ್ತೆ ಹೊಡೆದ ಹಾರ್ನಿನ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ.

ಆ ಹೆಸರಿಗೆ ಬೆಲೆ ಇದ್ದದ್ದು ಸುಳ್ಳಲ್ಲ. ಎಂಬತ್ನಾಲ್ಕನೇ ಇಸವಿಯಲ್ಲಿ ಬಸಂತರಾಯ ಒಂದು ತೆರೆದ ಜೀಪು ಕೊಂಡು, ಕೆಂಪು ಬಣ್ಣ ಹೊಡೆಸಿ, ಬಾನೆಟ್ಟಿನ ಮೇಲೆ ಹಳದಿ ಅಕ್ಷರದಲ್ಲಿ ಹೆಂಡತಿಯ ಹೆಸರು ಬರೆಸಿದ್ದ. ಅಲ್ಲಿಂದ ಹದಿನಾಲ್ಕು ವರ್ಷ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ತಕ್ಕಮಟ್ಟಿಗೆ ಅನುಕೂಲವಿದ್ದ ಯಾವ ಮನೆಯ ಮದುಮಗನೂ ಬೇರೆ ಗಾಡಿ ಹತ್ತಲಿಲ್ಲ. ಇವತ್ತಿಗೂ ಆ ಊರುಗಳಲ್ಲಿ ತಲೆ ಹಣ್ಣಾದ ಗಂಡಸರು "ನನ್ನ ಮೆರವಣಿಗಿ ಕಸ್ತೂರಿಯೊಳಗ ಆಗಿತ್ತು" ಎಂದು ಎದೆಯುಬ್ಬಿಸಿ ಹೇಳುತ್ತಾರೆ. ಹೆಂಡತಿಯನ್ನು ಹೆಸರು ಹಿಡಿದು ಕರೆಯುವ ರೂಢಿ ಬಸಂತರಾಯನ ಕಾಲದಲ್ಲಿ ಇರಲಿಲ್ಲ. ಅವಳಿಗೆ ಅವನು ಕೂಗುತ್ತಿದ್ದದ್ದು "ಏಯ್, ಇಲ್ಲಿ ನೋಡ" ಎಂದೇ. ಜೀಪನ್ನು ಮಾತ್ರ ದಿನಕ್ಕೆ ಹತ್ತು ಸಲ ಹೆಸರು ಹಿಡಿದು ಕರೆಯುತ್ತಿದ್ದ. ಕಸ್ತೂರೆವ್ವ ಆ ಜೀಪಿನಲ್ಲಿ ಕೂತದ್ದು ಮೂರೇ ಸಲ. ಎರಡು ಸಲ, ಅನೀಲನ ತಂಗಿಯರು ಹುಟ್ಟುವಾಗ, ಹೆರಿಗೆಗೆ, ಒಂದು ಸಲ ಅಪ್ಪ ಸತ್ತಾಗ.

ಅವತ್ತು ಸಂಜೆ ಊಟಕ್ಕೆ ಕೂತಾಗ ಮಾತು ಮತ್ತೆ ಎದ್ದಿತು. ಸೊಸೆ ದಾನೇಶ್ವರಿ ರೊಟ್ಟಿ ಬಡಿಯುತ್ತಿದ್ದಳು, ಅತ್ತೆ ಬಡಿಸುತ್ತಿದ್ದಳು.

"ಯವ್ವಾ, ಖರೇನ ಬ್ಯಾಡ ಅಂತೀಯೇನು?" ಅನೀಲಕುಮಾರ ಕೇಳಿದ. "ಹೊಸಾ ಹೆಸರಿಟ್ರ ಅದನ್ನ ಮಂದಿಗೆ ಗೊತ್ತು ಮಾಡಸಾಕ ಎರಡು ವರ್ಷ ಬೇಕು. ಕಸ್ತೂರಿ ಅಂದ್ರ ನಾಕೂ ತಾಲೂಕಿನಾಗ ಗೊತ್ತೈತಿ."

"ನಾಕು ತಾಲೂಕಿಗೆ ಗೊತ್ತಾಗಿದ್ದು ಸಾಕು."

"ಹಂಗಂದ್ರ?"

"ಹಂಗಂದ್ರ ಪಲ್ಯಾ ಹಾಕಲೇನು?"

ಬಿ.ಎಡ್. ಓದುತ್ತಿದ್ದ ಮೊಮ್ಮಗಳು ಶೈಲಶ್ರೀ ತಟ್ಟೆಯಿಂದ ತಲೆಯೆತ್ತಿದಳು. "ಆ ಜೀಪ ಬ್ಯಾರೆ, ಈ ಕಾರು ಬ್ಯಾರೆ. ಹಳೇ ಹೆಸರು ಯಾಕ ಬೇಕು? ಅದೂ ಆಯೀದ ಹೆಸರು. ಒಬ್ಬರರ ಆಕೀನ್ನ ಕೇಳಿ ಇಡಾಕ ಹೊಂಟಿರೇನು?"

"ಕೇಳೂದೇನೈತಿ? ಮನ್ಯಾಗಿನ ಹೆಸರು," ಎಂದ ಕಲ್ಮೇಶ.

ಬಸಂತರಾಯ ಗೋಡೆಯ ಕಡೆ ನೋಡುತ್ತ ಹೇಳಿದ. "ನಾ ಪ್ರೀತಿಲೆ ಇಟ್ಟ ಹೆಸರು ಅದು. ಇಷ್ಟ ವರ್ಷ ಇಲ್ಲದ್ದು ಈಗ ಆಕೀಗೆ ಬ್ಯಾಸರ ಆಗೇತೇನು?"

ಕಸ್ತೂರೆವ್ವ ಅವನ ತಟ್ಟೆಗೆ ಶೇಂಗಾ ಚಟ್ನಿಪುಡಿ ಹಾಕಿ, ಅದರ ಮೇಲೆ ಎಣ್ಣೆ ಬಿಟ್ಟು ಒಳಗೆ ಹೋದಳು.

ಪ್ರೀತಿ ಇತ್ತು, ಅದನ್ನು ಅವಳು ಇಲ್ಲವೆನ್ನುವವಳಲ್ಲ. ಜೀಪಿಗೆ ದುಡ್ಡು ಸಾಲದೆ ಬಂದಾಗ ಮುದ್ದೇಬಿಹಾಳದ ತವರಿನಲ್ಲಿ ಹಾಕಿದ ಬಂಗಾರದ ಪಾಟ್ಲಿ ಬಳೆಗಳನ್ನು ಕೈಯಿಂದ ತೆಗೆದುಕೊಟ್ಟವಳು ಅವಳೇ, ಯಾರೂ ಕಸಿದುಕೊಂಡಿರಲಿಲ್ಲ. ಹೆಸರು ಬರೆಸಿದ ದಿನ ಬಸಂತರಾಯ ಅವಳನ್ನು ಅಂಗಳಕ್ಕೆ ಕರೆದು, "ಇನ್ನ ಇದು ನಿಂದು, ನಾ ಬರೇ ಡ್ರೈವರ್" ಎಂದಿದ್ದ. ಇಪ್ಪತ್ತಾರರ ಹುಡುಗಿ ಅದನ್ನು ನಂಬಿಬಿಟ್ಟಳು. ದಿನಾ ಬೆಳಿಗ್ಗೆ ಅಂಗಳಕ್ಕೆ ನೀರು ಹೊಡೆದಾದ ಮೇಲೆ ಒದ್ದೆ ಅರಿವೆಯಿಂದ ಆ ಬಾನೆಟ್ಟು ಒರೆಸುತ್ತಿದ್ದಳು. ಹದಿನಾಲ್ಕು ವರ್ಷ ಒರೆಸಿದಳು. ಆಮೇಲೆ ಒಂದು ದಿನ ಬಸಂತರಾಯ ಅನ್ನಕ್ಕೆ ಮಜ್ಜಿಗೆ ಕಲಸಿಕೊಳ್ಳುತ್ತ, "ಗಾಡಿ ಕೊಟ್ಟೆ, ಮೋರಟಗಿ ಊರವರು ಒಯ್ದರು" ಎಂದ. ಮನೆಯಲ್ಲಿ ಇದ್ದದ್ದೇ ಒಂದು ಗಾಡಿ. ಆದರೂ ಅವಳು "ಯಾವ ಗಾಡಿ?" ಎಂದು ಕೇಳಿದ್ದಳು.

ಮುಂದಿನ ವರ್ಷ ಸಿಂದಗಿ ಸಂತೆಯಲ್ಲಿ ಅದು ಕಣ್ಣಿಗೆ ಬಿತ್ತು. ಹಿಂದೆ ಉಳ್ಳಾಗಡ್ಡಿ ಚೀಲ, ಪಕ್ಕದಲ್ಲಿ ಗೊಬ್ಬರದ ಬುಟ್ಟಿ. ಯಾರೋ ಒಬ್ಬ ಬಾನೆಟ್ಟಿನ ಮೇಲೆ ಚಪ್ಪಲಿ ಕಾಲಿಟ್ಟು ಬೀಡಿ ಸೇದುತ್ತಿದ್ದ, ಕಾಲು ಇದ್ದದ್ದು ಅವಳ ಹೆಸರಿನ ಮೇಲೆಯೇ. ಕಸ್ತೂರೆವ್ವ ಬೆಲ್ಲ ಕೊಂಡು, ಬಸ್ಸು ಹತ್ತಿ ಮನೆಗೆ ಬಂದಳು, ಒಬ್ಬರಿಗೂ ಹೇಳಲಿಲ್ಲ. ಹೇಳಿದರೆ ಪಾಟ್ಲಿಗಾಗಿ ಅಳುತ್ತಾಳೆ ಎನ್ನುತ್ತಾರೆ. ಪಾಟ್ಲಿಯ ಮಾತೇ ಅಲ್ಲ ಅದು. ನಿಂದು ಎಂದು ಹೇಳಿ ಕೊಟ್ಟದ್ದನ್ನು ಒಂದು ಮಾತು ಕೇಳದೆ ಮಾರಿದರಲ್ಲ, ಅದು ಅವಳಿಗೆ ಚುಚ್ಚಿತ್ತು. ಈಗ ಅದೇ ಕೆಂಪು ಬಣ್ಣದ ಇನ್ನೊಂದು ಬಂದು ಬಾಗಿಲಲ್ಲಿ ನಿಂತಿತ್ತು. ಇದೂ ಒಂದು ದಿನ ಅವಳ ಹೆಸರು ಹೊತ್ತುಕೊಂಡು ಯಾರದೋ ಹಿತ್ತಲಿಗೆ ಹೋಗುತ್ತದೆ, ಅವಳಿಗೆ ಅದು ಖಾತ್ರಿಯಿತ್ತು.

ಯುಗಾದಿ ಕಳೆದು ಮದುವೆಗಳು ಶುರುವಾದವು. ಕಾರು ಹೆಸರಿಲ್ಲದೆಯೇ ಓಡಾಡತೊಡಗಿತು. ಸಿಂದಗಿಯಲ್ಲಿ ಮದುಮಗನ ಅಪ್ಪ ಕಾರನ್ನು ಸುತ್ತುಹಾಕಿ ನೋಡಿ, "ನೀವು ಕಸ್ತೂರಿ ಮನಿತನದವರಲ್ಲೇನು? ಹೆಸರ ಕಾಣವಲ್ದಲ್ರಿ" ಎಂದು ಕೇಳಿದನಂತೆ. ಮುದ್ದೇಬಿಹಾಳದಲ್ಲಿಯೂ ಅದೇ ಮಾತು. ಬಸವನ ಬಾಗೇವಾಡಿಯಲ್ಲಿ ಮಾತ್ರ ನಷ್ಟವೇ ಆಯಿತು. ಅಲ್ಲಿಯ ಒಬ್ಬ ಮುದುಕಿಗೆ, ತನ್ನ ಮಗ ಮೆರೆದ ಕಸ್ತೂರಿಯಲ್ಲೇ ಮೊಮ್ಮಗನೂ ಮೆರೆಯಬೇಕೆಂಬ ಆಸೆ. ಹೆಸರಿಲ್ಲದ ಕಾರು ನೋಡಿ, ಇದು ಆ ಮನೆಯದಲ್ಲ, ಯಾರೋ ಮೋಸ ಮಾಡಲು ಬಂದಿದ್ದಾರೆ ಎಂದು ಹಟ ಹಿಡಿದಳಂತೆ.

"ಬಾಡಗಿ ಹೋತು," ಎಂದು ಕಲ್ಮೇಶ ಕೀಲಿಕೈಯನ್ನು ಕಟ್ಟೆಯ ಮೇಲೆ ಒಗೆದ. "ಕುದುರಿ ತೊಗೊಂಡ್ರು. ಇಷ್ಟ ದೊಡ್ಡ ಕಾರು ಬಿಟ್ಟು ಕುದುರಿ."

"ಕುದುರೀಗೆ ಹೆಸರಿತ್ತೇನು?" ಶೈಲಶ್ರೀ ಕೇಳಿದಳು.

"ನೀ ಸುಮ್ನ ಕೂಡು. ಆಯಿ, ನನ್ನ ಉದ್ಯೋಗದ ಮ್ಯಾಲ ನಿನಗೇನ ಸಿಟ್ಟೈತಿ, ಹೇಳಿಬಿಡು."

"ನಿನ್ನ ಉದ್ಯೋಗದ ಮ್ಯಾಲ ಸಿಟ್ಟಿಲ್ಲ. ಮುಂಜಾನಿಂದ ಉಂಡಿಲ್ಲ ನೀ, ಕೈ ತೊಳಕೊಂಡು ಬಾ."

ಬಸಂತರಾಯ ಅಂದಿನಿಂದ ಹೆಂಡತಿಯ ಜೊತೆ ನೇರ ಮಾತು ಬಿಟ್ಟ. ಎಪ್ಪತ್ತೆರಡರ ಮನುಷ್ಯ ಮಕ್ಕಳ ಹಾಗೆ ಮುಖ ಊದಿಸಿಕೊಂಡು ಕೂತರೆ ಮನೆಯವರು ನಗಬೇಕೋ ಅಳಬೇಕೋ.

"ಶೈಲಾ, ನಿಮ್ಮ ಆಯಿಗೆ ಹೇಳು, ಚಾ ಬೇಕಂತ."

"ನಿಮ್ಮ ಮುತ್ಯಾಗ ಹೇಳು, ಚಾ ಒಲಿ ಮ್ಯಾಲೈತಂತ."

"ನಿಮ್ಮಿಬ್ಬರ ನಡಕ ಎರಡ ಮಾರು ಜಾಗಾ ಐತಿ," ಎಂದಳು ಶೈಲಶ್ರೀ. "ನನಗ ಪರೀಕ್ಷಿ ಐತಿ. ನೀವ ಹೇಳಕೋರಿ."

ಇದರ ನಡುವೆ ವಿಜಯಪುರದಿಂದ ಆರ್.ಟಿ.ಓ. ಏಜೆಂಟ್ ಪ್ರೇಮಕುಮಾರನ ಫೋನು ಬರುತ್ತಲೇ ಇತ್ತು. ಪುಣೆಯ ಕಾಗದಗಳು ಬಂದು ಬಿದ್ದಿವೆ, ಇಲ್ಲಿಯ ಮಾಲೀಕರು ಯಾರು, ಆಧಾರ್ ಕಾರ್ಡು ಕೊಡಿ, ಫೋಟೊ ಕೊಡಿ ಎಂದು. ಅನೀಲಕುಮಾರ ತನ್ನ ಹೆಸರಿಗೇ ಮಾಡಿಸಬೇಕೆಂದಿದ್ದ. ಆದರೆ ಲಿಂಬೆಯ ಸುಗ್ಗಿ; ಬೆಳಗಾದರೆ ಮಾರುಕಟ್ಟೆ, ಬಂದರೆ ನಿದ್ದೆ. "ನಾಳೆ ಬರ್ತೇನಿ" ಎನ್ನುವುದರಲ್ಲೇ ಮೂರು ವಾರ ಕಳೆಯಿತು.

ಕಲ್ಮೇಶನ ತಾಳ್ಮೆ ಅಷ್ಟರಲ್ಲಿ ಮುಗಿದಿತ್ತು. ಒಮ್ಮೆ ಅಂಟಿಸಿಬಿಟ್ಟರೆ ಆಯಿ ಎರಡು ದಿನ ಗೊಣಗಿ ಸುಮ್ಮನಾಗುತ್ತಾಳೆ ಎಂದು ಲೆಕ್ಕ ಹಾಕಿದ. ಬಸ್ ನಿಲ್ದಾಣದ ಹತ್ತಿರ ಗಾಡಿಗಳಿಗೆ ರೇಡಿಯಂ ಅಕ್ಷರ ಕತ್ತರಿಸಿ ಅಂಟಿಸುವ ಮಹಮ್ಮದಹನೀಫ ಹಳೆಯ ಜೀಪಿನ ಫೋಟೊ ನೋಡಿ ಹಾಗೆಯೇ ಹಳದಿ ಅಕ್ಷರ ಮಾಡಿಕೊಟ್ಟ.

ಮರುದಿನ ಬೆಳಿಗ್ಗೆ ನೀರಿನ ಬಕೀಟು ಹಿಡಿದು ಅಂಗಳಕ್ಕೆ ಬಂದ ಕಸ್ತೂರೆವ್ವ ನಿಂತಲ್ಲೇ ನಿಂತಳು. ಅವೇ ಅಕ್ಷರ, ಅದೇ ಹಳದಿ. ಚೆಂದ ಕಾಣುತ್ತಿತ್ತು, ಅದು ಇನ್ನೂ ಸಂಕಟ. ಬಕೀಟು ಕೆಳಗಿಟ್ಟು ಒಳಗೆ ಹೋಗಿ ಕೊಬ್ಬರಿ ಎಣ್ಣೆಯ ಬಟ್ಟಲು ತಂದಳು. ಎಣ್ಣೆ ಸವರಿ ಹೆಬ್ಬೆರಳಿನ ಉಗುರಿನಿಂದ ಒಂದೊಂದೇ ಅಕ್ಷರ ಎಬ್ಬಿಸತೊಡಗಿದಳು. ಕೊನೆಯ ಅಕ್ಷರಕ್ಕೆ ಬರುವಷ್ಟರಲ್ಲಿ ಕಲ್ಮೇಶ ಹೊರಗೆ ಬಂದ.

"ಆಯಿ, ಏನ ಮಾಡಾಕತ್ತಿ? ಬಣ್ಣ ಹೋಗತೈತಿ."

"ಬಣ್ಣಕ್ಕೇನೂ ಆಗಂಗಿಲ್ಲ. ಎಣ್ಣಿ ಹಚ್ಚೇನಿ."

"ನಿನ್ನ ಹೆಸರು ನಾಕು ಮಂದಿ ಓದಿದ್ರ ನಿನಗೇನು ತ್ರಾಸು?" ಹುಡುಗನ ದನಿ ಏರಿತು. ಅನೀಲಕುಮಾರ ಬಂದ, ದಾನೇಶ್ವರಿ ಹಿಟ್ಟಿನ ಕೈಯಲ್ಲೇ ಬಂದಳು. ಬಸಂತರಾಯ ಬಾಯಲ್ಲಿ ಬ್ರಷ್ಷು ಇಟ್ಟುಕೊಂಡು ಹೊಸ್ತಿಲಲ್ಲಿ ನಿಂತ. ಕಸ್ತೂರೆವ್ವ ಉಳಿದ ಅಕ್ಷರವನ್ನೂ ಕಿತ್ತು ಮುದ್ದೆ ಮಾಡಿ ಮುಷ್ಟಿಯಲ್ಲಿ ಹಿಡಿದುಕೊಂಡಳು. ಹೇಳಬೇಕಾದದ್ದು ಮೊಮ್ಮಗನಿಗಲ್ಲ. ತಿಂಗಳಾದ ಮೇಲೆ ಮೊದಲ ಸಲ ಗಂಡನ ಮುಖ ನೋಡಿ ಮಾತಾಡಿದಳು.

"ಹೋದ ಸರ್ತಿ ಹೆಸರು ಬರಸಿ ಇದು ನಿಂದು ಅಂದ್ರಿ. ಮಾರೂ ದಿನ ನನ್ನ ಕೇಳಲಿಲ್ಲ. ಹೆಸರು ಹೊತಗೊಂಡಾ ಹೋತು ಅದು. ಸಿಂದಗಿ ಸಂತ್ಯಾಗ ನಾ ನೋಡೇನಿ, ನನ್ನ ಹೆಸರಿನ ಮ್ಯಾಲ ಒಬ್ಬವ ಚಪ್ಪಲಿ ಕಾಲಿಟ್ಟು ಬೀಡಿ ಸೇದತಿದ್ದ. ಮಾರವ್ರು ಅದನ್ನರ ಅಳಿಸಿ ಕೊಡಬೇಕಿಲ್ಲ?"

ಬಸಂತರಾಯ ಬ್ರಷ್ಷು ಬಾಯಿಂದ ತೆಗೆದ.

"ಇದನ್ನೂ ನಾಳೆ ಮಾರ್ತೀರಿ. ಮಾರ್ರಿ, ನನಗೇನೂ ಇಲ್ಲ. ನನ್ನ ಹೆಸರು ಬಿಟ್ಟು ಮಾರ್ರಿ."

ಒಳಗೆ ಹೋಗಿ ಒಲೆಯ ಮುಂದೆ ಕೂತಳು. ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಅಂಗಳದಲ್ಲಿ ನಿಂತು ಆಡಿಬಿಟ್ಟೆ, ಇನ್ನು ಎಲ್ಲರೂ ನಗುತ್ತಾರೆ ಎಂದು ಹೆದರಿದಳು. ಹೊರಗೆ ಯಾರೂ ನಗಲಿಲ್ಲ. ಯಾರೋ ಬಕೀಟು ಎತ್ತಿ ಅಂಗಳಕ್ಕೆ ನೀರು ಹೊಡೆಯುವ ಸದ್ದು ಕೇಳಿಸಿತು. ಇಣುಕಿ ನೋಡಿದರೆ ಕಲ್ಮೇಶ. ಹುಟ್ಟಿದಾಗಿನಿಂದ ಆ ಕೆಲಸ ಮಾಡಿದವನಲ್ಲ, ಅರ್ಧ ನೀರು ತನ್ನ ಕಾಲಿಗೇ ಹೊಡೆದುಕೊಂಡಿದ್ದ.

ಬಸಂತರಾಯ ಅವತ್ತು ತೋಟಕ್ಕೆ ಹೋದವನು ಮಧ್ಯಾಹ್ನ ಮನೆಗೆ ಬರಲಿಲ್ಲ. ಬುತ್ತಿ ಒಯ್ದ ದಾನೇಶ್ವರಿ ತಿರುಗಿ ಬಂದು ಅತ್ತೆಯ ಪಕ್ಕದಲ್ಲಿ ಕೂತಳು.

"ಮಾವಾರು ರೊಟ್ಟಿ ಮುಟ್ಟಿಲ್ರಿ ಅತ್ತಿ. ಸಿಂದಗಿ ಸಂತಿ ಮಾತು ಖರೇ ಏನಂತ ನನ್ನ ಕೇಳಿದ್ರು. ಖರೇ ಅಂದೆ."

"ನಿನಗ ಹೆಂಗ ಗೊತ್ತು?"

"ನನಗ ಗೊತ್ತಿಲ್ರಿ. ಆದ್ರ ನೀವು ಇಲ್ಲದ್ದು ಹೇಳೂ ಪೈಕಿ ಅಲ್ಲ."

ಸಂಜೆ ಬಸಂತರಾಯ ಸೀದಾ ಅಡಿಗೆ ಮನೆಗೆ ಬಂದ. ಆ ಮನೆಯ ಗಂಡಸರು ಅಡಿಗೆ ಮನೆಯ ಹೊಸ್ತಿಲು ದಾಟುವುದು ಅಪರೂಪ. ಎಲ್ಲಿ ಕೂರಬೇಕೆಂದು ತಿಳಿಯದೆ ಜೋಳದ ಡಬ್ಬಿಯ ಮೇಲೆ ಕೂತ.

"ನಾ ನಿನ್ನ ಕೇಳಬೇಕಿತ್ತು," ಎಂದ.

"ಹೂಂ."

"ಅವತ್ತ ಕೇಳಿದ್ದರ ಏನಂತಿದ್ದಿ?"

"ಮಾರ್ರಿ ಅಂತಿದ್ದೆ. ಅದರ ಇಂಜಿನ್ನ ಹೋಗಿತ್ತಲ್ಲ."

ಬಸಂತರಾಯ ಅವಳನ್ನೇ ನೋಡಿದ. ಇಷ್ಟು ಸುಲಭದ ಮಾತು ಅವತ್ತು ತನ್ನ ಬಾಯಿಂದ ಯಾಕೆ ಹೊರಡಲಿಲ್ಲ ಎಂದು ಅವನಿಗೇ ಅರ್ಥವಾಗಲಿಲ್ಲ. "ತಪ್ಪಾತು," ಎಂದ. ಮದುವೆಯಾಗಿ ನಲವತ್ತೇಳು ವರ್ಷದಲ್ಲಿ ಆ ಮಾತನ್ನು ಕಸ್ತೂರೆವ್ವ ಅವನ ಬಾಯಲ್ಲಿ ಕೇಳಿರಲಿಲ್ಲ. ಒಲೆಯ ಉರಿ ಸಣ್ಣ ಮಾಡುವ ನೆವದಿಂದ ಮುಖ ತಿರುಗಿಸಿದಳು.

"ಈಗ ಏನ ಮಾಡೂನು, ಹೇಳು."

"ಈ ಕಾರು ಯಾರದು?"

"ಯಾರದಂದ್ರ? ಮನೀದು."

"ಕಾಗದದಾಗ?"

"ಅನೀಲಂದು ಮಾಡಸಬೇಕಂತ ಐತಿ. ಇನ್ನಾ ಕೊಟ್ಟಿಲ್ಲ."

"ಹಂಗಾದ್ರ ನನ್ನ ಕಾಗದಾ ಕೊಡ್ರಿ. ಗಾಡಿ ನಂದು ಅಂತ ಮಾಡಸ್ರಿ. ಆಮ್ಯಾಲ ಹೆಸರಿನ ಮಾತು."

ಊಟದ ಹೊತ್ತಿಗೆ ಸುದ್ದಿ ಕೇಳಿದ ಅನೀಲಕುಮಾರ ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟ.

"ಯವ್ವಾ, ಇದೇನು ಎಮ್ಮಿ ಕೊಂಡಂಗಲ್ಲ. ವಿಜಯಪುರಕ್ಕ ಹೋಗಬೇಕು, ಸಹಿ ಮಾಡಬೇಕ, ಇನ್ಶೂರೆನ್ಸ ನೋಡಬೇಕು. ನಾಳೆ ಯಾರಿಗರ ಗಾಡಿ ತಾಕಿತಂದ್ರ ಪೊಲೀಸರ ಕಾಗದ ನಿನ್ನ ಹೆಸರಿಗೆ ಬರ್ತಾವ."

"ಬರಲಿ. ಈ ಮನ್ಯಾಗ ನನ್ನ ಹೆಸರಿಗೆ ಇಲ್ಲೀತನ ಒಂದು ಪೋಸ್ಟ ಕಾರ್ಡು ಬಂದಿಲ್ಲ."

"ನಗಚಾಟಿಕಿ ಮಾತಲ್ಲ ಯವ್ವಾ."

"ನಾ ಎಲ್ಲಿ ನಕ್ಕೆ?"

ದಾನೇಶ್ವರಿ ಒಲೆಯ ಮುಂದಿನಿಂದಲೇ ಗಂಡನಿಗೆ ಹೇಳಿದಳು. "ಹೊಲಾ ಮಾವಾರದು, ಮನಿ ನಿಮ್ಮದು, ಅಂಗಡಿ ನಿಮ್ಮದು. ಒಂದು ಗಾಡಿ ಅತ್ತೀದಾದ್ರ ಯಾರ ಗಂಟು ಹೋಗತೈತ್ರಿ?" ಹೆಚ್ಚು ಮಾತಾಡದ ಹೆಂಡತಿ ಮಾತಾಡಿದಳೆಂದರೆ ಅನೀಲಕುಮಾರ ಸ್ವಲ್ಪ ಹೆದರುತ್ತಿದ್ದ. ಕಲ್ಮೇಶನನ್ನು ನೋಡಿದ. ಕಲ್ಮೇಶ ಬೆಳಗಿನಿಂದ ಸಪ್ಪಗಿದ್ದವನು, "ನನಗ ನಡೀತೈತಿ. ಆಯಿ ನನಗ ಮಾಲಕರಾದ್ರ ಪಗಾರ ಕೇಳ್ತೇನಿ" ಎಂದ. ಬಸಂತರಾಯ ಮೊದಲು ನಕ್ಕ, ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ನಕ್ಕರು. ಮನೆಯ ಮೇಲೆ ಒಂದು ತಿಂಗಳಿಂದ ಕವಿದಿದ್ದ ಬಿಗುವು ಅವತ್ತು ಸಡಿಲಾಯಿತು.

ಕಸ್ತೂರೆವ್ವ ಓದಿದ್ದು ನಾಲ್ಕನೆಯ ಇಯತ್ತೆ. ಮೂರು ದಿನ ಮೊಮ್ಮಗಳ ಪಕ್ಕದಲ್ಲಿ ಕೂತು ಹಳೆಯ ಪೇಪರಿನ ಅಂಚಿನಲ್ಲಿ ಸಹಿ ಮಾಡಿ ಮಾಡಿ ಕೈ ಕುದುರಿಸಿಕೊಂಡಳು. ವಿಜಯಪುರದಲ್ಲಿ ಪ್ರೇಮಕುಮಾರ ಮುದುಕಿಯನ್ನು ನೋಡಿ, "ಹೆಬ್ಬಟ್ಟಾದ್ರೂ ನಡೀತೈತಿ ತೊಗೋರಿ ಆಯಿ" ಎಂದು ಶಾಯಿಯ ಡಬ್ಬಿ ಮುಂದೆ ಸರಿಸಿದ.

"ಅದನ್ನ ಆಚೆ ಇಡಪಾ. ಪೆನ್ನ ಕೊಡು," ಎಂದಳು.

ಐದು ವಾರದ ಮೇಲೆ ಕಲ್ಮೇಶ ವಿಜಯಪುರದಿಂದ ಕಾರ್ಡು ತಂದ. ಅಂಗೈಯಗಲದ ಪ್ಲಾಸ್ಟಿಕ್ಕು, ಇದಕ್ಕಾಗಿಯೇ ಇಷ್ಟೆಲ್ಲ ಆಯಿತೇ ಎನ್ನುವಷ್ಟು ಹಗುರ. ಇಂಗ್ಲಿಷ್ ಅಕ್ಷರದ ಸಾಲಿನ ಮೇಲೆ ಶೈಲಶ್ರೀ ಬೆರಳಿಟ್ಟು ತೋರಿಸಿದಳು.

"ಇದಾ ನೋಡು ಆಯಿ. ಕಸ್ತೂರೆವ್ವ ಬಸಂತರಾಯ."

"ಇನ್ನ ಇದನ್ನ ಮಾರಬೇಕಂದ್ರ?"

"ನೀ ಸಹಿ ಮಾಡಬೇಕು."

"ನಾ ಮಾಡಲಿಲ್ಲಂದ್ರ?"

"ಯಾರ ಅಪ್ಪನ ಕಡಿಂದೂ ಆಗಂಗಿಲ್ಲ."

ಕಸ್ತೂರೆವ್ವ ಉದ್ದವಾಗಿ ಉಸಿರು ಬಿಟ್ಟಳು. ಎದೆಯ ಮೇಲೆ ಇಷ್ಟು ದಿನ ಏನೋ ಕೂತಿತ್ತು, ಅದು ಇಳಿದು ಹೋಯಿತು. ಕಾರ್ಡನ್ನು ಎರಡೂ ಕಡೆ ತಿರುಗಿಸಿ ನೋಡಿ, ತನ್ನ ಬಟ್ಟೆಯ ಟ್ರಂಕಿನಲ್ಲಿಟ್ಟು ಕೀಲಿ ಹಾಕಿದಳು. ಗಾಡಿಯಲ್ಲಿ ಇಟ್ಟುಕೊಳ್ಳಲು ಕಲ್ಮೇಶ ಅದನ್ನು ಕೇಳಿದಾಗ ಫೋಟೊ ಹೊಡೆದುಕೋ ಎಂದಳು.

"ಮತ್ತ ಹೆಸರು?" ಕಲ್ಮೇಶ ಮೆಲ್ಲಗೆ ಕೇಳಿದ. "ಬ್ಯಾರೆ ಯಾವದರ ನೋಡಲೇನು?"

"ಬ್ಯಾರೆ ಯಾಕ? ನನ್ನ ಗಾಡಿಗೆ ನನ್ನ ಹೆಸರಾ ಇರಲಿ. ಹನೀಫಗ ಹೇಳು, ಹೋದ ಸರ್ತಿಗಿಂತ ದೊಡ್ಡ ಅಕ್ಷರ ಮಾಡು ಅಂತ."

ಬಸವನ ಬಾಗೇವಾಡಿಯ ಮುದುಕಿಯ ಎರಡನೆಯ ಮೊಮ್ಮಗನಿಗೆ ಆಷಾಢ ಹಿಡಿಯುವ ಮೊದಲೇ ಲಗ್ನ ಗೊತ್ತಾಯಿತು. ಮೆರವಣಿಗೆಗೆ ಕಸ್ತೂರಿಯೇ ಹೋಯಿತು. ಅವತ್ತು ಮಧ್ಯಾಹ್ನ ಕಸ್ತೂರೆವ್ವ, ಬಸಂತರಾಯ ಇಬ್ಬರೇ ಮನೆಯಲ್ಲಿದ್ದರು. ಲಿಂಬೆಯ ರಾಶಿಯಿಂದ ಕೊಳೆತದ್ದನ್ನು ಬೇರೆ ಮಾಡುತ್ತಿದ್ದರು. ಕಲ್ಮೇಶನ ಫೋನು ಬಂತು. ಹಿಂದೆ ಬ್ಯಾಂಡಿನ ಗದ್ದಲ.

"ಆಯಿ, ಇಲ್ಲಿ ಬೀಗರೊಬ್ಬರು ಗಾಡಿ ಕೊಡ್ತೀರೇನಂತ ಗಂಟುಬಿದ್ದಾರ. ನಾವು ಕೊಟ್ಟಿದ್ದಕ್ಕಿಂತ ಜಾಸ್ತಿ ಕೊಡ್ತಾರಂತ. ಏನ ಹೇಳ್ಲಿ?"

ಕೊಡುವುದಿಲ್ಲವೆಂದು ಅವನಿಗೂ ಗೊತ್ತು, ಅವನಿಗೆ ಗೊತ್ತೆಂದು ಅವಳಿಗೂ ಗೊತ್ತು. ಆದರೂ ಕೇಳಿದ್ದ. ಕಸ್ತೂರೆವ್ವ ಯೋಚನೆ ಮಾಡುವವಳಂತೆ ಒಂದು ಲಿಂಬೆಹಣ್ಣು ಎತ್ತಿ ಹಿಚುಕಿ ನೋಡಿ, ಬುಟ್ಟಿಗೆ ಹಾಕಿದಳು. ಅಷ್ಟು ಹೊತ್ತೂ ಆ ಕಡೆ ಮೊಮ್ಮಗ ಕಾದ.

"ಕೊಡಂಗಿಲ್ಲ ಅನ್ನು," ಎಂದು ಫೋನು ಇಟ್ಟಳು.

"ಯಾರದು?" ಬಸಂತರಾಯ ಕೇಳಿದ.

"ಕಲ್ಮೇಶಂದು. ಬಾಗೇವಾಡ್ಯಾಗ ಗಾಡಿ ಕೇಳಾಕತ್ತಾರಂತ. ಕೊಡಂಗಿಲ್ಲ ಅಂದೆ."

"ಛಲೋ ಮಾಡಿದಿ. ನನ್ನ ಕೇಳಿದ್ದರ ನಾನೂ ಅದನ್ನಾ ಹೇಳ್ತಿದ್ದೆ."

"ನಿಮ್ಮನ್ನ ಯಾರೂ ಕೇಳಿಲ್ಲಲ್ಲ," ಎಂದಳು ಕಸ್ತೂರೆವ್ವ.